ಹಳದಿ ಡಬ್ಬಿಯ ಮಹಜರು

ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಕಳೆದ ವಾರ ಸ್ಕೂಲಿನಲ್ಲಿ ನಾಲ್ಕನೇ ಪೀರಿಯಡ್ಡಿನ ಬೆಲ್ಲು ಹೊಡೆದು ಐದು ನಿಮಿಷವಾದರೂ ನಾನು ಸ್ಟಾಫ್ ರೂಮಿನ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಕನ್ನಡ ಮೇಡಂಗೆ ಮೈ ಹುಷಾರಿಲ್ಲವೇನೋ ಎಂದು ಒಂಬತ್ತನೇ ಕ್ಲಾಸಿನ ಮಕ್ಕಳು ಇಣುಕಿ ನೋಡಿ ಹೋದರಂತೆ. ನನ್ನ ಮೈಗೆ ಏನೂ ಆಗಿರಲಿಲ್ಲ. ಫೋನಿನಲ್ಲಿ ಹಾವು ಮೇಯಿಸುತ್ತಿದ್ದೆ. ಅದು ಕಾಳು ತಿಂದು ತಿಂದು ಪರದೆಯ ತುಂಬ ಸುತ್ತಿಕೊಂಡಿತ್ತು. ಇನ್ನೆರಡು ಕಾಳು ತಿಂದರೆ ನನ್ನ ಹಳೆಯ ದಾಖಲೆ ಮುರಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಸಂಧಿ ಸಮಾಸ ಯಾರಿಗೆ ಬೇಕು ಹೇಳಿ?

ದಾಖಲೆ ಮುರಿಯಿತು. ಫೋನು ಒಂದು ಸಲ ಕುಂಯ್ ಎಂದು ಸುಮ್ಮನಾಯಿತು. ಯಾರಿಗಾದರೂ ಹೇಳಿಕೊಳ್ಳೋಣವೆಂದು ಸುತ್ತ ನೋಡಿದರೆ ಗಣಿತದ ಮೇಷ್ಟ್ರು ಮೇಜಿಗೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಆಗ ನನ್ನ ಮಾವನವರು ಎದುರಿಗೇ ಕೂತು, "ಸಾಕ್ಷಿ ಯಾರವ್ವ?" ಎಂದಂತಾಯಿತು. ಮಾವ ಹೋಗಿ ವರ್ಷಗಳೇ ಆದವು. ಆದರೂ ಆಟದಲ್ಲಿ ಏನಾದರೂ ಗೆದ್ದಾಗ ನನಗೆ ಮೊದಲು ನೆನಪಾಗುವುದು ಅವರೇ.

ನಾನು ಹುಟ್ಟಿ ಬೆಳೆದ ಹದಿನಾರು ಎಂಬ ಊರಿನಲ್ಲಿ ಚೌಕಾಬಾರ, ಅಳಿಗುಳಿಮಣೆ ಆಡುತ್ತಿದ್ದೆವು. ಅಲ್ಲಿ ಗೆಲುವಿಗೆ ಆಯಸ್ಸು ಬಹಳ ಕಡಿಮೆ. ಹುಣಸೆಬೀಜ ಡಬ್ಬಿಗೆ ಹೋಯಿತೆಂದರೆ ಗೆಲುವೂ ಡಬ್ಬಿಗೆ ಹೋದ ಹಾಗೆ. ಮೊನ್ನೆ ಗೆದ್ದವಳು ಯಾರೆಂದು ಇವತ್ತು ಯಾರೂ ಕೇಳುತ್ತಿರಲಿಲ್ಲ. ಈ ವಿಡಿಯೋ ಗೇಮುಗಳು ಬಂದ ಮೇಲೆ ನೋಡಿ, ಗೆಲುವಿಗೊಂದು ನಂಬರು ಬಂತು. ನಂಬರು ಬಂದ ಮೇಲೆ ಅದನ್ನು ಮೀರಬೇಕೆಂಬ ಚಪಲ ಬಂತು. ಅದನ್ನು ಮೀರಿದರೆ ಸಂಬಳ ಹೆಚ್ಚುವುದಿಲ್ಲ, ಸೊಂಟನೋವು ಹೋಗುವುದಿಲ್ಲ. ಆದರೂ ಆ ನಂಬರಿಗಾಗಿ ಒಲೆಯ ಮೇಲೆ ಹಾಲು ಉಕ್ಕಿಸಿದವರಲ್ಲಿ ನಾನೂ ಒಬ್ಬಳು. ಇದನ್ನು ಹುಚ್ಚೆನ್ನಬೇಕೋ, ಹಂಬಲವೆನ್ನಬೇಕೋ ತಿಳಿಯದು. ನಾನಂತೂ ಅದಕ್ಕೆ ಋಣಿ. ಯಾಕೆಂದು ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಮದುವೆಯಾಗಿ ನಂಜನಗೂಡಿಗೆ ಬಂದಿದ್ದೆ. ಕೆಲಸ ತಿ. ನರಸೀಪುರದ ಹೈಸ್ಕೂಲಿನಲ್ಲಿ, ದಿನವೂ ಬಸ್ಸಿನಲ್ಲಿ ಹೋಗಿಬರುವುದು. ಒಮ್ಮೆ ಮೈಸೂರಿಗೆ ಹೋದಾಗ ಅಣ್ಣನ ಮಗನಿಗೆಂದು ಒಂದು ಬ್ರಿಕ್ ಗೇಮ್ ಕೊಂಡೆ. ಅಂಗೈಗಿಂತ ಸ್ವಲ್ಪ ದೊಡ್ಡ ಹಳದಿ ಡಬ್ಬಿ. ಮೇಲಿನಿಂದ ತರಾವರಿ ಆಕಾರದ ಇಟ್ಟಿಗೆಗಳು ಬೀಳುತ್ತವೆ. ಸಂದಿಲ್ಲದಂತೆ ಸಾಲು ಜೋಡಿಸಿದರೆ ಸಾಲು ಕರಗಿ ಪಾಯಿಂಟು ಬರುತ್ತದೆ. ಕೊಡುವ ಮುಂಚೆ ಕೆಲಸ ಮಾಡುತ್ತದೆಯೇ ನೋಡಬೇಕಲ್ಲ, ಬಸ್ಸಿನಲ್ಲಿ ಒಂದಾಟ ಆಡಿದೆ. ಅಣ್ಣನ ಮಗನಿಗೆ ಆಮೇಲೆ ಒಂದು ಪೆನ್ನು ಕೊಟ್ಟೆ. ಡಬ್ಬಿ ನನ್ನ ಬ್ಯಾಗಿನಲ್ಲೇ ಉಳಿಯಿತು.

ಮನೆಯಲ್ಲಿ ಮಾವ ಆ ವರ್ಷ ಕಷ್ಟದಲ್ಲಿದ್ದರು. ರೆವಿನ್ಯೂ ಇಲಾಖೆಯಲ್ಲಿ ಇದ್ದು ನಿವೃತ್ತರಾದವರು. ಬಿಳಿಗೆರೆ, ಚಿಕ್ಕಯ್ಯನಛತ್ರದ ಕಡೆಯ ಹೊಲಗಳ ಬದು, ಬಾಂದುಕಲ್ಲುಗಳೆಲ್ಲ ಅವರಿಗೆ ಬಾಯಿಪಾಠ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಸಣ್ಣದಾಗಿ ಲಕ್ವ ಹೊಡೆಯಿತು. ಮಾತು ಉಳಿಯಿತು, ನಡಿಗೆ ಉಳಿಯಿತು. ಬಲಗೈ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಯುಗಾದಿಯ ಹೊತ್ತಿಗೆ ಬ್ಯಾಂಕಿಗೆ ಹೋದರು. ಸಹಿ ತಾಳೆಯಾಗುತ್ತಿಲ್ಲ, ಹೆಬ್ಬೆಟ್ಟು ಒತ್ತಿಬಿಡಿ ಎಂದು ಅಲ್ಲಿಯ ಗುಮಾಸ್ತ ಮರ್ಯಾದೆಯಿಂದಲೇ ಹೇಳಿ ಇಂಕ್ ಪ್ಯಾಡನ್ನು ಮುಂದೆ ತಳ್ಳಿದನಂತೆ. ಮಾವ ಒತ್ತಲಿಲ್ಲ. ಮನೆಗೆ ಬಂದು ಬುದ್ಧನ ಪಟದ ಕೆಳಗೆ ಕುರ್ಚಿ ಎಳೆದುಕೊಂಡು ಕೂತರು.

"ನಮ್ಮಪ್ಪ ಎಬ್ಬೆಟ್ಟು ಒತ್ತೋನು," ಎಂದು ಅತ್ತೆಯ ಹತ್ತಿರ ಹೇಳುತ್ತಿದ್ದುದು ಅಡುಗೆಮನೆಗೆ ಕೇಳಿಸಿತು. "ಅದ ದಾಟಿ ಬಂದಿವ್ನಿ ನಾನು. ಈಗ ಮತ್ತೆ ಅಲ್ಗೇ ಓಗ್ಬೇಕಾ?"

ಅವರ ವಂಶದಲ್ಲಿ ರುಜು ಹಾಕಿದ ಮೊದಲನೆಯವರು ಅವರು. ಮೂವತ್ತು ಚಿಲ್ಲರೆ ವರ್ಷ ಊರೂರು ತಿರುಗಿ, ಬೇರೆಯವರ ಹೆಬ್ಬೆಟ್ಟಿನ ಪಕ್ಕದಲ್ಲಿ ತಮ್ಮ ರುಜು ಹಾಕಿದ್ದವರು. ನವೆಂಬರಿನಲ್ಲಿ, ತಾನು ಬದುಕಿದ್ದೇನೆ ಎಂದು ಪಿಂಚಣಿಗೆ ಬರೆದು ಕೊಡುವ ಕಾಗದಕ್ಕೆ ಮತ್ತೆ ಸಹಿ ಬೇಕಿತ್ತು. ಬೆರಳಿಗೆ ಕೆಲಸ ಕೊಡಿ, ಸರಿಹೋಗಬಹುದು ಎಂದು ಡಾಕ್ಟರು ರಬ್ಬರ್ ಚೆಂಡೊಂದನ್ನು ಕೊಟ್ಟಿದ್ದರು. ಚೆಂಡು ಹಿಸುಕುತ್ತ ಕೂರಲು ತಾನೇನು ಮಗುವೇ ಎಂದು ಮಾವ ಅದನ್ನು ಕಿಟಕಿಯ ಮೇಲಿಟ್ಟರು. ಅದು ಅಲ್ಲೇ ಧೂಳು ತಿನ್ನುತ್ತಿತ್ತು.

ಒಂದು ಸಂಜೆ ಬಸ್ಸಿಳಿದು ಬಂದವಳಿಗೆ ತಡೆದುಕೊಳ್ಳಲಾಗಲಿಲ್ಲ. ಹದಿನಾಲ್ಕು ಸಾವಿರ ಹೊಡೆದಿದ್ದೆ. ನಮ್ಮನೆಯವರು ಕೆಲಸದ ಮೇಲೆ ಚಾಮರಾಜನಗರದಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಅತ್ತೆಗೆ ಹೇಳಿದರೆ ಹದಿನಾಲ್ಕು ಸಾವಿರ ಏನು ಎಂದು ಕೇಳುತ್ತಾರೆ. ಹಾಗಾಗಿ, ಮದುವೆಯಾದ ಮೇಲೆ ಊಟಕ್ಕೆ ಏಳಿ ಎಂಬುದರಾಚೆಗೆ ನಾನು ಹೆಚ್ಚು ಮಾತಾಡಿಸಿರದ ಮಾವನಿಗೆ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ ಕೇಳಿದ್ದು ಅದೇ, ಸಾಕ್ಷಿ ಯಾರವ್ವ ಎಂದು. ಡಬ್ಬಿಯಲ್ಲೇ ಬರೆದಿದೆ ಎಂದು ತೋರಿಸಿದೆ. ಸೆಲ್ಲು ತೆಗೆದರೆ ಅದು ಉಳಿಯುತ್ತದೆಯೇ ಎಂದರು. ಉಳಿಯುವುದಿಲ್ಲ ಎಂದೆ. ಹಾಗಾದರೆ ಅದು ದಾಖಲೆಯೇ ಅಲ್ಲ, ನಾಳೆ ಪಂಚರ ಮುಂದೆ ಆಡಿ ತೋರಿಸು, ಮಹಜರು ಆಗಲಿ ಎಂದರು.

ಎಷ್ಟೋ ದಿನದ ಮೇಲೆ ಅವರ ದನಿಯಲ್ಲಿ ಸ್ವಲ್ಪ ಸರ್ಕಾರ ಕೇಳಿಸಿತ್ತು. ಮರುದಿನ ಭಾನುವಾರ ಜಗುಲಿಯಲ್ಲಿ ಮಹಜರು ನಡೆಯಿತು. ಪಂಚರು ಇಬ್ಬರು: ಅತ್ತೆ, ಮತ್ತು ಪಕ್ಕದ ಮನೆಯ ಟೈಲರ್ ಸಿದ್ದರಾಜಣ್ಣ. ಅವರೆದುರು ನಾನು ಹದಿನಾಲ್ಕೂವರೆ ಸಾವಿರ ಹೊಡೆದೆ. ಮಾವ ಹೇಳುತ್ತ ಹೋದರು, ನಾನು ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದೆ. ಸದರಿ ಹಳದಿ ಡಬ್ಬಿಯನ್ನು ಪರಿಶೀಲಿಸಲಾಗಿ, ಮೇಲ್ಕಂಡ ಪಾಯಿಂಟುಗಳು ಕಂಡುಬಂದಿದ್ದು, ಓದಿ ಕೇಳಿ ಸರಿಯಿದೆಯೆಂದು ಒಪ್ಪಿ ಪಂಚರು ರುಜು ಮಾಡಿದ್ದಾರೆ. ಪಂಚರು ರುಜು ಮಾಡಿದರು. ರೂಢಿಯ ಬಲದಲ್ಲಿ ಮಾವ, ಅಧಿಕಾರಿ ರುಜು ಹಾಕುವ ಕೊನೆಯ ಸಾಲನ್ನೂ ಹೇಳಿಬಿಟ್ಟರು: ನನ್ನ ಸಮಕ್ಷಮ. ಬರೆದು, ಪೆನ್ನನ್ನು ಅವರತ್ತ ಚಾಚಿದೆ. ಆಗ ಅವರಿಗೆ ತಮ್ಮ ಕೈ ನೆನಪಾಯಿತು.

ಹೇಳಿ ಬರೆಸಿದ ಮಹಜರನ್ನು ಅರ್ಧಕ್ಕೆ ಬಿಡುವುದು ಅವರ ಜಾಯಮಾನವಲ್ಲ. ಪೆನ್ನು ಹಿಡಿದರು. ಕಾಗದದ ಮೇಲೆ ಕೋಳಿ ಕೆದರಿದಂತೆ ಏನೋ ಮೂಡಿತು. ಸಿದ್ದರಾಜಣ್ಣ ಬೇಕೆಂದೇ ಬೀದಿಯ ಕಡೆ ನೋಡುತ್ತಿದ್ದರು. ನಾನು ಪುಸ್ತಕ ಮುಚ್ಚಿ, ಒಳಗೆ ಹೋಗಿ ಮುಖ ತೊಳೆದುಕೊಂಡೆ.

ಅವತ್ತು ನನಗೊಂದು ಯೋಚನೆ ಹೊಳೆಯಿತು. ಒಂದು ದಾಖಲೆ ಮುರಿದರೆ ಒಂದು ಮಹಜರು. ಒಂದು ಮಹಜರಾದರೆ ಮಾವನ ಒಂದು ರುಜು. ಹಾಗಿದ್ದರೆ ದಿನವೂ ದಾಖಲೆ ಮುರಿಯಬೇಕು. ಅದಕ್ಕೆ ಉಪಾಯವೆಂದರೆ ನಿನ್ನೆಯದನ್ನು ಸ್ವಲ್ಪವೇ ಸ್ವಲ್ಪ ಮೀರಿ ಆಟ ಬಿಟ್ಟುಬಿಡುವುದು. ಅಷ್ಟರಲ್ಲಿ ಮಾವನಿಗೂ ಆಟ ಹತ್ತಿತು. ನಾನು ಇಟ್ಟಿಗೆಗಳ ನಡುವೆ ಸಂದು ಬಿಟ್ಟರೆ ಅವರಿಗೆ ಸಹಿಸಲಾಗುತ್ತಿರಲಿಲ್ಲ. ಆ ಸಂದಿಗೆ, ಸಾಗುವಳಿಗೆ ಬಾರದ ನೆಲಕ್ಕೆ ಹೇಳುವ ಹಾಗೆ, ಖರಾಬು ಎಂದು ಹೆಸರಿಟ್ಟಿದ್ದರು. ಬಂಗಾರದಂಥ ಭೂಮಿಯಲ್ಲಿ ಇಷ್ಟೊಂದು ಖರಾಬು ಬಿಡುತ್ತಾರೆಯೇ ಎಂದು ಡಬ್ಬಿ ಕಿತ್ತುಕೊಂಡು ಶುರು ಮಾಡಿದರು. ಇಟ್ಟಿಗೆ ತಿರುಗಿಸುವ ಗುಂಡಿ ಇದ್ದದ್ದು ಬಲಗಡೆ. ಹೆಬ್ಬೆಟ್ಟು ಒತ್ತಬಾರದೆಂದು ಮಾವ ದಿನವಿಡೀ ಹೆಬ್ಬೆರಳು ಒತ್ತಿದರು. ಮೂರು ಹೊತ್ತೂ ಕೀಂ ಕೀಂ ಕೇಳಿ ಅತ್ತೆಗೆ ತಲೆ ಚಿಟ್ಟು ಹಿಡಿಯಿತು.

ನಮ್ಮ ಕಡೆ ಹೊಲದ ಬದುವಿನಲ್ಲಿ ಅಲ್ಲಲ್ಲಿ ವೀರಗಲ್ಲುಗಳು ನಿಂತಿರುತ್ತವೆ. ಯಾವನೋ ಹುಲಿಯೊಡನೆ ಕಾದಿದ, ಯಾವನೋ ದನ ಬಿಡಿಸಿಕೊಂಡು ಬಂದ. ಪಾಠ ಮಾಡುವಾಗ ನಾನು ಮಕ್ಕಳಿಗೆ ಹೇಳುವುದುಂಟು, ಕಲ್ಲನ್ನು ವೀರನೇ ನೆಟ್ಟುಕೊಂಡದ್ದಲ್ಲ, ಊರಿನವರು ನೆಟ್ಟಿದ್ದು ಎಂದು. ಕಂಡವರು ಇದ್ದರೆ ಮಾತ್ರ ಸಾಧನೆ ನಿಲ್ಲುತ್ತದೆ ಎಂಬ ಮಾವನ ನಿಯಮ ಅಷ್ಟು ಹಳೆಯದು. ಹಳೆಯ ಶಾಸನಗಳ ಕೊನೆಯಲ್ಲಿ, ಇದನ್ನು ಅಳಿಸಿದವರು ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾರೆ ಎಂಬ ಶಾಪವಿರುತ್ತದೆ. ಕನ್ನಡ ಮೇಡಂ ಆದ ತಪ್ಪಿಗೆ ನಾನು ನಮ್ಮ ಪುಸ್ತಕದ ಮೊದಲ ಪುಟದಲ್ಲೂ ಒಂದು ಶಾಪ ಬರೆದೆ: ಈ ಡಬ್ಬಿಯ ಸೆಲ್ಲು ಕಿತ್ತವರು ಕವಿಲೆ ಕೊಂದ ಪಾಪಕ್ಕೆ ಹೋಗುವರು. ಸರ್ಕಾರಿ ದಾಖಲೆಯಲ್ಲಿ ಶಾಪ ಹಾಕುವ ಪದ್ಧತಿಯಿಲ್ಲ ಎಂದರು ಮಾವ. ಆದರೂ ಹೊಡೆದು ಹಾಕಲಿಲ್ಲ.

ನಾಲ್ಕು ತಿಂಗಳು ಹೀಗೇ ನಡೆಯಿತು. ಕೋಳಿ ಕೆದರಿದ್ದು ಗೆರೆಯಾಯಿತು, ಗೆರೆ ಅಕ್ಷರವಾಗತೊಡಗಿತು. ಅಷ್ಟರಲ್ಲಿ ನಾನೇ ಎಲ್ಲವನ್ನೂ ಕೆಡಿಸಿದೆ.

ದಸರಾ ರಜದಲ್ಲಿ ಒಂದು ಮಧ್ಯಾಹ್ನ ಆಡುತ್ತ ಕೂತಿದ್ದೆ. ಸಿದ್ದರಾಜಣ್ಣ ಬಂದಿದ್ದರು, ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ನಿನ್ನೆಯದನ್ನು ಮೀರಿದೆ. ಅಲ್ಲಿಗೆ ಬಿಡಬೇಕಿತ್ತು. ಆದರೆ ಅವತ್ತು ಬೇಕುಬೇಕಾದ ಇಟ್ಟಿಗೆಗಳೇ ಬೀಳುತ್ತಿದ್ದವು. ಇನ್ನೊಂದು ಸಾಲು, ಇನ್ನೊಂದೇ ಸಾಲು ಎಂದು ಹೋದೆ. ಆಟಗಾರರಿಗೆ ಈ ಸ್ಥಿತಿ ಗೊತ್ತು. ಮನೆ, ಮಾವ, ಮಹಜರು ಯಾವುದೂ ನೆನಪಿಗೆ ಬರುವುದಿಲ್ಲ. ಆಟ ಮುಗಿದಾಗ ಹಳೆಯ ದಾಖಲೆಯ ಎರಡರಷ್ಟಾಗಿತ್ತು. ಕುಣಿದಾಡುವಷ್ಟು ಖುಷಿಯಾಯಿತು. ಮಾವ ರುಜು ಹಾಕಿ, ಇದನ್ನು ಮುರಿಯುವ ಗಂಡಸು ಹುಟ್ಟಿಲ್ಲ ಎಂದರು.

ಗಂಡಸೂ ಹುಟ್ಟಲಿಲ್ಲ, ಹೆಂಗಸೂ ಹುಟ್ಟಲಿಲ್ಲ. ವಾರ ಕಳೆಯಿತು, ಎರಡು ವಾರವಾಯಿತು. ಅದರ ಹತ್ತಿರಕ್ಕೂ ಇಬ್ಬರಿಗೂ ಹೋಗಲಾಗಲಿಲ್ಲ. ಮಹಜರು ನಿಂತಿತು. ಮಾವ ಡಬ್ಬಿಯನ್ನು ಕೈಗೆತ್ತಿಕೊಳ್ಳುವುದನ್ನೇ ಬಿಟ್ಟು ಮತ್ತೆ ಬುದ್ಧನ ಪಟದ ಕೆಳಗೆ ಸುಮ್ಮನೆ ಕೂರತೊಡಗಿದರು. ನವೆಂಬರು ಹತ್ತಿರ ಬರುತ್ತಿತ್ತು. ನನ್ನ ಚಪಲಕ್ಕೆ ನನಗೇ ನಾಚಿಕೆಯಾಯಿತು.

ಒಂದು ಬೆಳಿಗ್ಗೆ, ಯಾರೂ ಇಲ್ಲದಾಗ, ಡಬ್ಬಿಯ ಬೆನ್ನು ಬಿಚ್ಚಿ ಸೆಲ್ಲುಗಳನ್ನು ಕಿತ್ತೆ. ಶಾಪ ಬರೆದವಳೇ ಶಾಪಕ್ಕೆ ಗುರಿಯಾದೆ. ನನ್ನ ಜೀವಮಾನದ ದಾಖಲೆ ಅಲ್ಲಿಗೆ ಹೋಯಿತು. ಸೆಲ್ಲುಗಳನ್ನು ಕಿಟಕಿಯ ಮೇಲೆ, ಆ ರಬ್ಬರ್ ಚೆಂಡಿನ ಪಕ್ಕದಲ್ಲಿಟ್ಟು, ಸೆಲ್ಲು ಮುಗಿದುಹೋಯಿತು ಮಾವ, ಎಲ್ಲ ಅಳಿಸಿತು, ಇನ್ನು ಸೊನ್ನೆಯಿಂದ ಶುರು ಎಂದೆ.

ಮಾವ ಒಪ್ಪಲಿಲ್ಲ. "ಮಿಸೀನು ಮರೆತ್ರೆ ಮರೀಲಿ. ಪುಸ್ತಕದಲ್ಲಿರಾದು ಎಲ್ಗೋದದು ಕಣವ್ವ?" ಎಂದರು. ನಾನೇ ಕೈಯಾರೆ ಬರೆದ ಮಹಜರು ನನಗೇ ಅಡ್ಡ ನಿಂತಿತು. ಬ್ಯಾಗೆತ್ತಿಕೊಂಡು ಸ್ಕೂಲಿಗೆ ಹೋದೆ. ಬಸ್ಸಿನಲ್ಲಿ ಕಪಿಲಾ ಹೊಳೆ ದಾಟುವಾಗ ಅಳು ಬಂದಿತ್ತು.

ಸಂಜೆ ಬಂದಾಗ ಮಾವ ಜಗುಲಿಯಲ್ಲಿದ್ದರು. ಬೆಳಗಿನಿಂದ ನಿಂತಿದ್ದ ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ನನ್ನನ್ನು ಕಂಡು, "ರೀಸರ್ವೆ ಆಯ್ತು ಅನ್ಕೊ ಕಣವ್ವ. ಹೊಸ ಸೆಲ್ಲು, ಹೊಸ ಖಾತೆ," ಎಂದರು. ಸಿದ್ದರಾಜಣ್ಣನಿಂದ ಹೊಸ ಸೆಲ್ಲು ತರಿಸಿಟ್ಟಿದ್ದರು. ಹಳೆಯದು ಹಳೆಯ ಪುಟದಲ್ಲಿರಲಿ, ಹೊಸ ಪುಟದಲ್ಲಿ ಸೊನ್ನೆಯಿಂದ ಎಂದು ತೀರ್ಮಾನವಾಯಿತು. ಆ ಸಂಜೆಯೇ ಎರಡು ಮಹಜರಾದವು.

ನವೆಂಬರಿನಲ್ಲಿ ನಾನೇ ಅವರನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. ಮಾವ ನಿಧಾನವಾಗಿ ರುಜು ಹಾಕಿದರು. ಗುಮಾಸ್ತ ಹಳೆಯ ಸಹಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದ, ಸೀಲು ಹೊಡೆದ, ಮುಂದಿನವರನ್ನು ಕರೆದ. ಅಷ್ಟೇ. ಕೀಂ ಎನ್ನಲಿಲ್ಲ, ದೀಪ ಮಿನುಗಲಿಲ್ಲ. ಹೊರಗೆ ಬಂದ ಮೇಲೆ ಮಾವ, "ತಲೆ ಎತ್ತಿ ನೋಡ್ನೇ ಇಲ್ವಲ್ಲವ್ವ ಅವ್ನು," ಎಂದು ನಕ್ಕರು. ಯಾರೂ ತಲೆಯೆತ್ತಿ ನೋಡಬೇಕಾಗದಷ್ಟು ಸರಿಯಾಗಿತ್ತು ಅವರ ರುಜು. ದಾರಿಯಲ್ಲಿ ಒಂದು ಚಿಪ್ಪು ರಸಬಾಳೆ ಕೊಂಡು ಸಿದ್ದರಾಜಣ್ಣನಿಗೆ ಕೊಟ್ಟರು. ಆಮೇಲೂ ಎಷ್ಟೋ ವರ್ಷ ಆ ಕೈ ರುಜು ಹಾಕಿತು.

ಕಳೆದ ವಾರ ಹಾವು ಮೇಯಿಸಿ ಮನೆಗೆ ಬಂದವಳು ಟ್ರಂಕಿನಿಂದ ಆ ಪುಸ್ತಕ ತೆಗೆದೆ. ಒಂದೊಂದೇ ಪುಟ ತಿರುವಿದೆ. ಪಾಯಿಂಟುಗಳ ಮೇಲೆ ಕಣ್ಣೇ ಹೋಗಲಿಲ್ಲ. ಕೆಳಗಿನ ರುಜುಗಳನ್ನೇ ನೋಡುತ್ತ ಹೋದೆ. ಹಿಂದಿನ ರಟ್ಟಿನ ಒಳಗಡೆ, ನಾನು ಯಾವತ್ತೂ ತೆರೆದು ನೋಡಿರದ ಜಾಗದಲ್ಲಿ, ಮಾವನ ಕೈಬರಹ ಕಂಡಿತು. ಯಾರಿಗೂ ಹೇಳಿ ಬರೆಸಿದ್ದಲ್ಲ, ಸ್ವಂತ ಕೈಯಲ್ಲೇ ಬರೆದದ್ದು. ಅಕ್ಷರಗಳು ಅಲುಗಾಡುತ್ತಿದ್ದವು.

"ಮುಗಿದಿವೆಯೆಂದು ಸೊಸೆಯು ಹೇಳಿದ ಸೆಲ್ಲುಗಳ ಪೈಕಿ ಒಂದನ್ನು ಗಡಿಯಾರಕ್ಕೆ ಹಾಕಿ ಪರಿಶೀಲಿಸಲಾಗಿ, ಗಡಿಯಾರವು ಚಾಲ್ತಿಯಲ್ಲಿರುವುದು ಕಂಡುಬಂದಿದೆ. ಸೊಸೆಯ ಮೇಲೆ ಕ್ರಮ ಅನಗತ್ಯ. ಮೊದಲ ಪುಟದ ಶಾಪವನ್ನು ಈ ಮೂಲಕ ರದ್ದುಪಡಿಸಿ ಕಡತ ಮುಕ್ತಾಯಗೊಳಿಸಿದೆ."

ಕೆಳಗೆ ರುಜು. ಸಾಕ್ಷಿಗಳ ಜಾಗ ಖಾಲಿಯಿತ್ತು. ಅವರದೇ ನಿಯಮದ ಪ್ರಕಾರ ಸಾಕ್ಷಿಯಿಲ್ಲದ ಮಹಜರು ನಿಲ್ಲುವುದಿಲ್ಲ. ಪೆನ್ನು ಹುಡುಕಿ ತಂದು, ಓದಿ ಸರಿಯಿದೆಯೆಂದು ಒಪ್ಪಿ, ನಾನು ರುಜು ಮಾಡಿದೆ.