ಮುದ್ದೆ ಮರೆಮಾಡಿದ ಕಲ್ಲು

ನಮ್ಮ ನಾಯಿ ಕರಿಯ ದಾಸವಾಳದ ಗಿಡದ ಬುಡದಲ್ಲಿ ಕಾಲೆತ್ತಿ ನಿಂತ. ನಿಂತೇ ಇದ್ದ. ಕೊನೆಗೆ ನಾಲ್ಕು ಹನಿ ಬಿತ್ತು.

ಕೆಂಪು.

ಪೂಜೆಯ ಹೂವಿನ ಗಿಡ ಕೆಡಿಸುತ್ತಾನೆಂದು ದಿನಾ ಕೋಲು ಹಿಡಿದು ಅಟ್ಟುತ್ತಿದ್ದ ನಮ್ಮತ್ತೆ ಅವತ್ತು ಕೋಲು ಕೆಳಗಿಟ್ಟರು. "ಉಷ್ಣ ಕಣೇ," ಎಂದರು. ಚೇಳೂರಿನಲ್ಲಿ ಎಳನೀರಿಗೇನು ಬರ? ಎಂಟು ದಿನ ಕುಡಿಸಿದೆವು. ರಕ್ತ ನಿಲ್ಲಲಿಲ್ಲ. ಮೂತ್ರ ಪೂರ್ತಿ ಕಟ್ಟಿಕೊಂಡರೆ ಉಳಿಯುವುದಿಲ್ಲ ಎಂದರು ಊರಿನ ದನದ ಆಸ್ಪತ್ರೆಯವರು. ಎಸ್‌ಟಿಡಿ ಬೂತಿನಿಂದ ತುಮಕೂರಿನ ಉಪ್ಪಾರಹಳ್ಳಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿ, ಬಾಡಿಗೆ ವ್ಯಾನಿನಲ್ಲಿ ಹೊರಟೆವು. ಅಕ್ಕನ ಮನೆಯಲ್ಲೇ ಉಳಿದೆವು.

ತುಮಕೂರಿನ ಪಶು ಆಸ್ಪತ್ರೆಯ ಡಾಕ್ಟರ್ ತೆಗೆಸಿದ ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ.

"ಮೂತ್ರಕೋಶದಲ್ಲಿ ಕಲ್ಲಿರ್ಬೇಕು. ಕೆಲವು ಕಲ್ಲು ಬರೀ ಎಕ್ಸ್‌ರೇಗೆ ಸಿಗಲ್ಲ. ಕಾಂಟ್ರಾಸ್ಟ್ ಅಂತ, ಎಕ್ಸ್‌ರೇಲಿ ಬೆಳ್ಳಗೆ ಕಾಣೋ ಔಷಧ ಹಾಕಿ ನೋಡ್ಬೇಕು. ನಾಳೆ ಖಾಲಿ ಹೊಟ್ಟೇಲಿ ಕರ್ಕೊಂಡ್ ಬನ್ನಿ."

ಮರುದಿನ, ಕಾಂಟ್ರಾಸ್ಟ್ ಹಾಕುವ ಮುಂಚೆ ಇನ್ನೊಂದು ಫಿಲಂ ತೆಗೆಸಿ ಬೆಳಕಿಗೆ ಹಿಡಿದರು. ಮೂತ್ರಕೋಶವನ್ನು ಮುಚ್ಚಿಕೊಂಡು ಕರುಳು ಉಬ್ಬಿತ್ತು.

"ಏನ್ ತಿನ್ಸಿದ್ರಿ?"

ಏನೂ ಇಲ್ಲ ಎಂದೆ ನಾನು. ಅತ್ತೆ ಸೆರಗಿನ ಅಂಚು ತಿರುಚಿದರು.

"ಎರಡೇ ಮುದ್ದೆ ಸ್ವಾಮಿ. ಹಸ್ಕೊಂಡಿರೋರ್ನ ಯಾರಾದ್ರೂ ಮನೆಯಿಂದ ಆಚೆ ಕಳಿಸ್ತಾರಾ?"

ಅತ್ತೆ ಇರುವ ಮನೆಯಿಂದ ಮೀಟರ್ ನೋಡಲು ಬಂದವರೂ ತಿನ್ನದೆ ಹೋಗುವಂತಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಡಾಕ್ಟರ್ ಮಾತ್ರ ನಕ್ಕರು. "ಮುದ್ದೆ ಚೆನ್ನಾಗ್ ಬಂದಿದೆ ಅಜ್ಜಿ. ಮೂತ್ರಕೋಶ ನಾಳೆ ನೋಡೋಣ. ಅಲ್ಲೀವರೆಗೂ ಬರೀ ನೀರು."

ಮೂರನೆಯ ದಿನ ಮೊದಲು ಎನಿಮಾ, ಆಮೇಲೆ ಮಂಪರಿನ ಇಂಜೆಕ್ಷನ್. ಕ್ಯಾಥೆಟರ್ ಕೊಳವೆ ಹಾಕಿ ಮೂತ್ರವನ್ನೆಲ್ಲ ತೆಗೆದರು. ಒಳಗೆ ಸ್ವಲ್ಪ ಕಾಂಟ್ರಾಸ್ಟ್ ಔಷಧ ಬಿಟ್ಟು, ಸಿರಿಂಜಿನಿಂದ ಗಾಳಿ ತುಂಬಿದರು. ಒಂದೊಂದು ಸಲ ಒತ್ತುವಾಗಲೂ ಎಡಗೈಯಲ್ಲಿ ಹೊಟ್ಟೆ ಮುಟ್ಟಿ ನೋಡುತ್ತಿದ್ದರು. ಮಾತು ಬಾರದ ಜೀವದ ಮೇಲೆ ಅಷ್ಟು ತಾಳ್ಮೆಯ ಕೈಯನ್ನು ನಾನು ಕಂಡಿರಲಿಲ್ಲ. ಫಿಲಂನಲ್ಲಿ ಗಾಳಿ ಕಪ್ಪಗೆ, ಅದರ ನಡುವೆ ಔಷಧ ಬೆಳ್ಳಗೆ. ಆ ಬಿಳುಪಿನಲ್ಲಿ ಮೂರು ಕಪ್ಪು ಚುಕ್ಕೆ. ಕಲ್ಲು ಕೂತ ಜಾಗದಲ್ಲಿ ಔಷಧವಿಲ್ಲ, ಅಷ್ಟೇ. ಎಂಥ ಬುದ್ಧಿ!

"ಸಿಕ್ತು," ಎಂದರು.

ಹೇಳಲು ತಿರುಗಿದರೆ ಅತ್ತೆ ಬೆಂಚಿಗೆ ಒರಗಿ ಕಣ್ಣು ಮುಚ್ಚಿದ್ದರು. ನಿನ್ನೆಯಿಂದ ಕರಿಯನ ಜೊತೆ ಅವರೂ ಬರೀ ನೀರು ಕುಡಿದಿದ್ದರು ಎಂದು ಜೊತೆಗೆ ಬಂದಿದ್ದ ಅಕ್ಕ ಹೇಳಿದಳು. ನನ್ನ ಸಿಟ್ಟಿನ ಬಗ್ಗೆ ನನಗೇ ನಾಚಿಕೆಯಾಯಿತು.

ಆಪರೇಷನ್ ಆಗಿ ಇಪ್ಪತ್ತು ದಿನವಾಯಿತು. ಕಲ್ಲು ಮತ್ತೆ ಬರಬಹುದಂತೆ. ಬಂದರೆ ಹುಡುಕಲು ಆ ಡಾಕ್ಟರ್ ಇದ್ದಾರೆ.

ಇವತ್ತು ಬೆಳಿಗ್ಗೆ ಕರಿಯ ದಾಸವಾಳದ ಬುಡದಲ್ಲಿ ಕಾಲೆತ್ತಿದ. ಈ ಸಲ ಅತ್ತೆಗಿಂತ ಮುಂಚೆ ನಾನೇ ಕೋಲಿಗೆ ಕೈ ಹಾಕಿದೆ. ಅತ್ತೆ ನನ್ನ ಕೈ ಹಿಡಿದುಕೊಂಡರು.

"ಪೂರ್ತಿ ಹುಯ್ಲಿ ಬುಡು."