ಮಾವನವರು ಎದುರಿನಿಂದ ನೋಡಿರದ ಇಂಜಿನ್

ನಾನು ಸೊಸೆಯಾಗಿ ದೇವನಹಳ್ಳಿಗೆ ಬಂದಾಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಮಾವನವರು ನಮ್ಮೂರ ಮೇಲೆ ಹೋಗುವ ಸಣ್ಣ ರೈಲಿಗೆ ಡ್ರೈವರ್ ಆಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಅವರು ಇಪ್ಪತ್ತು ವರ್ಷ ಓಡಿಸಿದ ಪ್ಯಾಸೆಂಜರ್ ಇಂಜಿನ್ನನ್ನೂ ರೈಲ್ವೆಯವರು ಅದೇ ವರ್ಷ ಗುಜರಿಗೆ ಸಾಗಿಸಿದ್ದರಂತೆ. ಊಟಕ್ಕೆ ಕರೆದರೂ ಹ್ಞೂಂ ಅನ್ನದ ಮನುಷ್ಯ ಹಿತ್ತಿಲಲ್ಲಿ ಕೂತು, ಆ ಇಂಜಿನ್ನನ್ನೇ ಅಡಿಗೊಂದು ಇಂಚಿನ ಲೆಕ್ಕದಲ್ಲಿ ಚಿಕ್ಕದಾಗಿ ಕಟ್ಟತೊಡಗಿದರು.

ನಕ್ಷೆ ಇಲ್ಲ, ಫೋಟೋ ಇಲ್ಲ. "ಒಲೆ ಬಾಗಿಲು ನನ್ನ ಮಂಡಿಗೆ ಬರ್ತಿತ್ತು, ಗಾಡಿ ಬಿಡೋ ಹಿಡಿ ಮೊಣಕೈಗೆ" ಎಂದು ಗೋಡೆಗೆ ಒತ್ತಿ ನಿಂತು ಗೀರು ಹಾಕುವರು. ನಾನು ಅಡಿಪಟ್ಟಿ ಹಿಡಿದು ಅಳೆಯುವೆ. ತಾಮ್ರದ ಬಾಯ್ಲರ್, ಹಿತ್ತಾಳೆ ಚಕ್ರ, ಬಾವಿಯಿಂದ ತುಳಸಿಕಟ್ಟೆಯವರೆಗೆ ಕಬ್ಬಿಣದ ಪಟ್ಟಿಯ ಹಳಿ. ಎಲ್ಲ ಆಯಿತು, ಬೆಂಕಿ ಮಾತ್ರ ಹತ್ತಲೊಲ್ಲದು. ಇದ್ದಿಲಿನ ಹೊಗೆ ಚಿಮಣಿಯಲ್ಲಿ ಮೇಲೇಳದೆ ಒಲೆ ಬಾಗಿಲಿನಿಂದಲೇ ವಾಪಸ್ ಬಂದು ಅವರ ಮೀಸೆಗೆ ನುಗ್ಗುತ್ತಿತ್ತು. ನೀರು ಬೆಚ್ಚಗಾಗುವಷ್ಟರಲ್ಲಿ ಕೆಂಡ ಬೂದಿ.

ನಾಲ್ಕನೇ ಸಲವೂ ಹಾಗೇ ಆದಾಗ ಇಕ್ಕಳ ಬಿಸಾಕಿದರು. "ನಾಳೆ ಕಂಚುಗಾರರಿಗೆ ಕೊಟ್ಬಿಡ್ತೀನಿ. ಕರಗಿಸಿ ಚೊಂಬಾದ್ರೂ ಮಾಡ್ಕೊಳ್ಲಿ."

ಅಷ್ಟು ದಿನ ಆ ಕಡೆ ತಲೆ ಹಾಕದಿದ್ದ ಅತ್ತೆ, ಮೊರ ಹಿಡಿದುಕೊಂಡೇ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತರು.

"ಏನೂಂದ್ರೆ, ಇದರ ಚಿಮಣಿ ಇಷ್ಟು ಗಿಡ್ಡ ಇರ್ಲಿಲ್ಲ."

"ಇಪ್ಪತ್ತು ವರ್ಷ ಅದರೊಳಗೆ ನಿಂತೋನು ನಾನು. ನಂಗೆ ಹೇಳ್ಕೊಡ್ತೀಯೇನೇ?"

"ಒಳಗೆ ನಿಂತೋರಿಗೆ ಮೂತಿ ಎಲ್ಲಿ ಕಾಣುತ್ತೆ? ಬುತ್ತಿ ಹಿಡ್ಕೊಂಡು ದಿನಾ ಸ್ಟೇಷನ್ ತುದೀಲಿ ಕಾಯ್ತಿದ್ದೋಳು ನಾನು. ತಿರುವಿನಲ್ಲಿ ಮೊದಲು ಚಿಮಣಿ ಕಾಣ್ತಿತ್ತು. ನಿಮ್ಮ ತಲೆ ಮೇಲಿನ ಸೂರಿಗಿಂತ ಒಂದು ಮೊಳ ಎತ್ತರ."

ಮಾವನವರು ಇಂಜಿನ್ ನೋಡಿದರು, ಅತ್ತೆಯನ್ನು ನೋಡಿದರು, ಮತ್ತೆ ಇಂಜಿನ್ ನೋಡಿದರು. "ಇವಳೇ ಡ್ರೈವರ್ ಆಗಬೇಕಿತ್ತು ಕಣಮ್ಮಾ" ಎಂದು ನನ್ನ ಕಡೆ ತಿರುಗಿದರು. ಅತ್ತೆ ಅಷ್ಟರಲ್ಲಿ ಒಳಗೆ ಹೋಗಿ ಒಲೆ ಊದುವ ಹಿತ್ತಾಳೆ ಕೊಳವೆಯನ್ನೇ ತಂದು ಮುಂದಿಟ್ಟಿದ್ದರು. "ಎಷ್ಟು ಬೇಕೋ ಕುಯ್ಕೊಳ್ಳಿ. ಉಳಿದಿದ್ದರಲ್ಲಿ ನಾನು ಊದ್ಕೋತೀನಿ."

ಸಂಜೆಯ ಹೊತ್ತಿಗೆ ಹೊಸ ಚಿಮಣಿ ಕೂತಿತು. ಇದ್ದಿಲು ಹೊತ್ತಿಸಿದೆವು. ಹೊಗೆ ನೆಟ್ಟಗೆ ಮೇಲೆದ್ದಿತು, ಕೆಂಡ ಕೆಂಪಗೆ ಉರಿಯಿತು, ಬಾಯ್ಲರ್ ಸುಂಯ್ ಎಂದಿತು. ಮಾವನವರು ಹಿಡಿಯ ಕಡೆ ಕೈ ಚಾಚಿದ್ದೇ ತಡ, ಅತ್ತೆ ತುಳಸಿಕಟ್ಟೆಯ ಹತ್ತಿರದಿಂದ ಕೂಗಿದರು: "ಅದನ್ನ ಸೊಸೆ ಬಿಡ್ತಾಳೆ. ನೀವು ಇಲ್ಲಿ ಬನ್ನಿ."

ಅವರು ಹೋಗಿ ಅತ್ತೆಯ ಪಕ್ಕ ನೆಲದ ಮೇಲೆ ಕೂತರು. ನಾನು ಹಿಡಿ ಎಳೆದೆ. ಇಂಜಿನ್ ಒಂದು ಸಲ ಕೆಮ್ಮಿ, ಚುಕ್ಕು ಚುಕ್ಕು ಎನ್ನುತ್ತಾ ಅವರಿಬ್ಬರ ಕಡೆ ಹೊರಟಿತು. ಮಾವನವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ಲೇ, ಎದುರಿಂದ ಇಷ್ಟು ಚೆನ್ನಾಗಿತ್ತೇನೇ ಇದು?"

"ಮತ್ತೆ? ಬುತ್ತಿ ಕೊಡೋಕೆ ಮಾತ್ರ ಬರ್ತಿದ್ದೆ ಅಂದ್ಕೊಂಡ್ರಾ?"

ಮರುದಿನ ಮಾವನವರು ಕಂಚುಗಾರರ ಅಂಗಡಿಗೆ ಹೋದದ್ದೇನೋ ನಿಜ. ಇಂಜಿನ್ನಿನ ಹಿಂದೆ ಎರಡು ಬೋಗಿ ಕಟ್ಟಬೇಕಿತ್ತು. ಚಕ್ರ ಎರಕ ಹೊಯ್ಯಲು ಹೇಳಿ ಬಂದರು.