ಬಲ ಭುಜದ ಬೆಲ್ಲ

ಪಿಯುಸಿ ಮುಗಿದ ಬೇಸಿಗೆಯಲ್ಲಿ ನನ್ನ ಮೊಮ್ಮಗಳು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಗೆರೆ ಎಳೆದು ನಾಲ್ಕು ಮನೆ ಮಾಡಿದಳು. ಒಂದು ಮನೆಗೆ ಒಂದು ವರ್ಷ. ಕಂಪ್ಯೂಟರ್ ಇಂಜಿನಿಯರಿಂಗಿಗೆ ಯಾವ ವರ್ಷ ಯಾವ ವಿಷಯ, ಗುಲಬರ್ಗಾದಲ್ಲಿ ಎಲ್ಲಿ ಇರುವುದು, ಶನಿವಾರ ಯಾವ ಬಸ್ಸಿಗೆ ಅಫಜಲಪುರಕ್ಕೆ ಬರುವುದು, ಎಲ್ಲ ಅದರಲ್ಲಿತ್ತು. ಹಿಟ್ಟಿನ ಡಬ್ಬಿಯ ಮೇಲಿನ ಗೋಡೆಗೆ ಅಂಟಿಸಿ, ರೊಟ್ಟಿ ಬಡಿಯುವ ನನಗೆ ಓದಿ ಹೇಳುತ್ತಿದ್ದಳು. ನಾನು ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು. ತಿಳಿಯದಿದ್ದರೂ ಹೂಂ ಅನ್ನುತ್ತಿದ್ದೆ.

ಅವಳಪ್ಪ, ಅಂದರೆ ನನ್ನ ಮಗ, ನೌಕರಿಗೆಂದು ಹೆಂಡತಿಯೊಡನೆ ಜೇವರ್ಗಿಯಲ್ಲಿದ್ದ. ಹುಡುಗಿ ಹೈಸ್ಕೂಲಿನಿಂದಲೂ ನನ್ನ ಹತ್ತಿರವೇ ಬೆಳೆದವಳು. ಸೀಟು ಸಿಗುವುದು ಖಾತ್ರಿಯಾದ ಮೇಲೆ ಮಗನಿಗೆ ಧೈರ್ಯ ಸಾಲಲಿಲ್ಲ. ಹೆಣ್ಣುಮಗಳನ್ನು ಒಬ್ಬಳೇ ಅಷ್ಟು ದೂರ ಇಡುವುದೋ, ಇಲ್ಲೇ ಬಿ.ಎಸ್ಸಿ. ಮಾಡಿಸುವುದೋ ಅಂತ ಹೊಯ್ದಾಡುತ್ತಿದ್ದ. ಅವಳಿಗೆ ನಾನು ಆಯಿ. ಆಯಿ ಒಮ್ಮೆ ಕಣ್ಣಾರೆ ಕಂಡರೆ ಅಪ್ಪನಿಗೆ ಹೇಳಿಯಾಳು ಅಂದುಕೊಂಡು ಹುಡುಗಿ ನನ್ನನ್ನು ಗುಲಬರ್ಗಾದ ಒಂದು ಕಂಪ್ಯೂಟರ್ ಕ್ಲಾಸಿಗೆ ಕರೆದೊಯ್ದಳು.

ಅಲ್ಲಿ ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು. ಒಳಗೆ ತಣ್ಣಗಿತ್ತು. ಕಿಟಕಿಗೆ ಪರದೆ, ಯಂತ್ರಕ್ಕೆ ಹೊದಿಕೆ. ಚಪ್ಪಲಿ ಬಿಟ್ಟು ಹೋಗುವ ಜಾಗ ನನಗೆ ಗೊತ್ತಿದ್ದದ್ದು ಗುಡಿ ಒಂದೇ. ಹೊಸ್ತಿಲು ಮುಟ್ಟಿ ಕೈಮುಗಿದೆ. ಸೆರಗಿನ ಗಂಟಿನಲ್ಲಿ ಗಾಣಗಾಪುರದ ಭಸ್ಮ ಇತ್ತು. ಹೊದಿಕೆ ತೆಗೆದದ್ದೇ ಯಂತ್ರದ ಹಣೆಗೆ ಹಚ್ಚಲು ಹೋದೆ, ಅರ್ಧ ಭಸ್ಮ ಗುಂಡಿಗಳ ಸಂದಿಗೆ ಉದುರಿತು. ಕಲಿಸುವವರು ಎದ್ದುಬಂದು, ಧೂಳು ಬಿದ್ದರೆ ಕೆಡುತ್ತದೆ ಅಂತ ಗದರಿದರು. ಕಲಿಯಲು ಬಂದವರೆಲ್ಲ ನಕ್ಕರು. ಮೊಮ್ಮಗಳ ಮುಖ ಕೆಂಪಾಯಿತು. ನನ್ನ ರಟ್ಟೆ ಹಿಡಿದು ಅಂದಳು:

“ಆಯಿ, ಕೈ ತೆಗಿ. ನಿನಗ ಏನೂ ತಿಳಿಯಂಗಿಲ್ಲ. ಹೊರಗ ಹೋಗಿ ಕೂಡು.”

ಹೊರಗೆ ಚಪ್ಪಲಿಗಳ ಪಕ್ಕ ಕೂತೆ. ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಬಾಳೆಹಣ್ಣು ಸುಲಿದು ಕೈಗಿಟ್ಟಳು. ಕಿಟಕಿಯಿಂದಾಚೆ ಒಗೆದೆ.

ಮುಂದಿನ ವಾರ ಮಗ ಬಂದ. ಫಾರ್ಮು ಕೊಡಲು ಎರಡೇ ದಿನ ಉಳಿದಿತ್ತು. ನಮ್ಮ ಮನೆಯಲ್ಲಿ ಲಗ್ನವಿರಲಿ, ಹೊಲ ಕೊಳ್ಳುವುದಿರಲಿ, ದೇವರ ಜಗಲಿಯ ಹಿತ್ತಾಳೆ ದೇವಿಗೆ ಹೂ ಕೇಳುವುದು ರೂಢಿ. ಎರಡೂ ಭುಜಕ್ಕೆ ಕಣಗಿಲೆ ಎಸಳು ನೀರು ಹಚ್ಚಿ ಅಂಟಿಸುವುದು. ಬಲಗಡೆಯದು ಮೊದಲು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಅಂಟಿಸುವ ಕೈ ಯಾವಾಗಲೂ ನನ್ನದೇ.

“ಯವ್ವಾ, ನೀನೇ ಹೂ ಹಚ್ಚು. ದೇವಿ ಏನ್ ಹೇಳತಾಳ ಹಂಗೇ ಮಾಡಮು,” ಅಂದ ಮಗ.

ಅಡುಗೆಮನೆಗೆ ನೀರು ತರಲು ಹೋದೆ. ಹೋಳಿಗೆಯ ಬೆಲ್ಲದ ಪಾಕ ಬೋಗುಣಿಯ ತಳದಲ್ಲಿ ಉಳಿದಿತ್ತು. ಬೆರಳ ತುದಿಗೆ ತೆಗೆದುಕೊಂಡೆ. ಅರಿಯದೆ ಮಾಡಿದೆ ಅಂತ ಹೇಳಲಾರೆ. ಬಲ ಭುಜದ ಎಸಳಿಗೆ ಬೆಲ್ಲ, ಎಡ ಭುಜದ್ದಕ್ಕೆ ಒಂದು ಹನಿ ನೀರು. ಅವಳು ಊರು ಬಿಟ್ಟುಹೋಗುತ್ತಾಳೆಂಬ ಚಿಂತೆಯೂ ಇರಲಿಲ್ಲ. ನಾಲ್ಕು ಮಂದಿಯೆದುರು ನನ್ನನ್ನು ಹೊರಗೆ ಕೂಡಿಸಿದ್ದಳು, ಅಷ್ಟೆ. ಹದಿನೇಳರ ಹುಡುಗಿಯ ಮೇಲೆ ಅರವತ್ತರ ಮುದುಕಿ ಸೇಡು ತೀರಿಸಿಕೊಂಡೆ.

ಹುಡುಗಿ ಕಣ್ಣು ಮುಚ್ಚಿ ಕೈಮುಗಿದು ಕೂತಿದ್ದಳು. ಎಡಗಡೆಯ ಎಸಳು ಬಿತ್ತು. ಮಗ ಉಸಿರು ಬಿಟ್ಟ, ಭಾರ ಇಳಿದವನಂತೆ. ಅವಳು ಎದ್ದು ಹೋಗಿ ಗೋಡೆಯ ಹಾಳೆಯನ್ನು ಹರಿಯದಂತೆ ಬಿಡಿಸಿ ಮಡಚಿಟ್ಟಳು.

ಮರುದಿನ ಮುಂಜಾನೆ ಮಗ ಜೇವರ್ಗಿಗೆ ಹೊರಡಲು ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ. ಹುಡುಗಿ ಜಗಲಿ ಒರೆಸಲು ಹೋದವಳು ಅಲ್ಲೇ ನಿಂತಳು. ನಾನೂ ಹೋಗಿ ನೋಡಿದೆ. ದೇವಿಯ ಬಲ ಭುಜಕ್ಕೆ ಇರುವೆ ಮುತ್ತಿದ್ದವು. ಎಸಳು ಇನ್ನೂ ಅಂಟಿಕೊಂಡೇ ಇತ್ತು. ಎಡ ಭುಜ ಲಖಲಖ ಹೊಳೆಯುತ್ತಿತ್ತು.

ಅವಳು ಎಸಳು ಕಿತ್ತು ಬೆರಳಿನಿಂದ ಮುಟ್ಟಿ ನೋಡಿದಳು. ನನ್ನ ಮುಖ ನೋಡಿದಳು. ಹಸಿ ಬಟ್ಟೆ ತಂದು ಇರುವೆ ಸಾಯದ ಹಾಗೆ ಒರೆಸಿದಳು. ಮಗ ಅಂಗಳದಿಂದ, ಏನದು ಅಂತ ಕೇಳಿದ.

“ಏನಿಲ್ಲಪ್ಪ. ಇರುವಿ ಬಂದಾವ, ಒರಸಾಕತ್ತೇನಿ.”

ಅಂಗಳ ಹತ್ತು ಹೆಜ್ಜೆ. ಫಾರ್ಮಿಗೆ ಇನ್ನೂ ಒಂದು ದಿನವಿತ್ತು. ನಾನು ಬಾಯಿ ಬಿಡಲಿಲ್ಲ. ಮಗನೆದುರು ಕಳ್ಳಿ ಅನ್ನಿಸಿಕೊಳ್ಳುವುದು ಬೇಡವಾಗಿತ್ತು. ಅವನು ಚೀಲ ಹೆಗಲಿಗೇರಿಸಿ ನನ್ನ ಕಾಲು ಮುಟ್ಟಿ ಹೋದ.

ಅವಳು ಊರಲ್ಲೇ ಬಿ.ಎಸ್ಸಿ. ಮಾಡಿದಳು, ಮೊದಲಿನಂತೆಯೇ ನನಗೆ ಪತ್ರ ಓದಿ ಹೇಳಿದಳು, ತಲೆಗೆ ಎಣ್ಣೆ ಹಚ್ಚಿದಳು. ಆ ಮಾತು ಎತ್ತಲೇ ಇಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಮುಗಿಯುತ್ತಿತ್ತು.

ಮೂರು ವರ್ಷದ ಮೇಲೆ ಆಳಂದದಿಂದ ಅವಳಿಗೊಂದು ಸಂಬಂಧ ಬಂತು. ಮಗ ಮತ್ತೆ, ಯವ್ವಾ ಹೂ ಹಚ್ಚು ಅಂದ. ನಾನು ಏಳುವುದರೊಳಗೆ ಅವಳು ನೀರಿನ ತಂಬಿಗೆ ಹಿಡಿದು ಜಗಲಿಯ ಮುಂದೆ ಕೂತಿದ್ದಳು.

“ಆಯಿಗಿ ಕಣ್ಣು ಸರಿ ಕಾಣಂಗಿಲ್ಲಪ್ಪ. ನಾ ಹಚ್ಚತೇನಿ.”

ಆಗ ನಾನು ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದೆ. ಅದು ಮಗನಿಗೂ ಗೊತ್ತಿತ್ತು. ಅವನು ನನ್ನ ಕಡೆ ನೋಡಿದ.

“ಹೌದು, ಕಾಣಂಗಿಲ್ಲ,” ಅಂದೆ. ಎದ್ದು ಹೊರಗೆ ಹೋಗಿ, ಚಪ್ಪಲಿ ಬಿಡುವಲ್ಲಿ ಕೂತೆ.